ಅಳಿವೆ ಬಾಗಿಲು ದಾಟುವ ಲೆಕ್ಕ

ದೋಣಿಗೆ ಹೆಚ್ಚು ಅಪಾಯ ಎಲ್ಲಿ? ನಡುಗಡಲಿನಲ್ಲಿ ಎಂದು ಬಹುತೇಕ ವಿದ್ಯಾರ್ಥಿಗಳು ಉತ್ತರಿಸುತ್ತಾರೆ. ಮಂಗಳೂರಿನ ಹಳೆ ಬಂದರಿನ ಮೀನುಗಾರರನ್ನು ಕೇಳಿ ನೋಡಿ, ‘ಅಳಿವೆ ಬಾಗಿಲಿನಲ್ಲಿ’ ಎನ್ನುತ್ತಾರೆ. ಊರಿನ ತೆಂಗಿನ ಮರಗಳು ಕಣ್ಣಿಗೆ ಕಾಣುವಷ್ಟು ಹತ್ತಿರ ಬಂದ ಮೇಲೆ ದೋಣಿ ಮಗುಚುವುದೇಕೆ?

ನೇತ್ರಾವತಿ ಮತ್ತು ಫಲ್ಗುಣಿ (ಗುರುಪುರ ನದಿ) ಒಂದೇ ಬಾಯಿಯಿಂದ ಅರಬ್ಬಿ ಸಮುದ್ರವನ್ನು ಸೇರುತ್ತವೆ. ಹಳೆ ಬಂದರು ಇರುವುದು ನದಿಯೊಳಗೆ, ಬೆಂಗ್ರೆಯ ಮರಳ ಪಟ್ಟಿಯ ಮರೆಯಲ್ಲಿ. ಆದ್ದರಿಂದ ದಕ್ಕೆಯ ಬಳಿ ನೀರು ಶಾಂತ. ಆದರೆ ಕಡಲನ್ನು ಸೇರುವ ಕಡೆ ನದಿಯ ವೇಗ ತಗ್ಗಿ, ಹೊತ್ತು ತಂದ ಮರಳು ಅಲ್ಲೇ ತಳಕ್ಕಿಳಿಯುತ್ತದೆ. ಕಡಲ ಅಲೆಗಳೂ ದಡದುದ್ದಕ್ಕೂ ಮರಳನ್ನು ತಳ್ಳಿ ತರುತ್ತವೆ. ಹೀಗೆ ಬಾಗಿಲಲ್ಲೇ ನೀರಿನಡಿ ಒಂದು ದಿಬ್ಬ ಬೆಳೆಯುತ್ತದೆ. ಮಳೆಗಾಲ ಕಳೆದಾಗ ಅದು ಹಿಂದಿನ ಜಾಗದಲ್ಲೇ ಇರುತ್ತದೆಂಬ ಭರವಸೆಯಿಲ್ಲ. ಹೂಳೆತ್ತುವ ಕೆಲಸ ಮತ್ತೆ ಮತ್ತೆ ಬೇಕಾಗುವುದು ಇದಕ್ಕೇ.

ಈಗ ಸ್ವಲ್ಪ ಲೆಕ್ಕ. ಆಳ ಕಡಿಮೆಯಿರುವ ನೀರಿನಲ್ಲಿ ಅಲೆಯ ವೇಗವು ಗುರುತ್ವ ವೇಗೋತ್ಕರ್ಷ ಮತ್ತು ಆಳಗಳ ಗುಣಲಬ್ಧದ ವರ್ಗಮೂಲಕ್ಕೆ ಸಮ. ಆಳ 10 ಮೀಟರ್ ಇದ್ದರೆ ವೇಗ ಸೆಕೆಂಡಿಗೆ ಸುಮಾರು 10 ಮೀಟರ್. ಆಳ 2.5 ಮೀಟರಿಗೆ ಇಳಿದರೆ ವೇಗ ಅರ್ಧ, ಅಂದರೆ 5 ಮೀಟರ್. ಮುಂದಿನ ಅಲೆ ನಿಧಾನವಾದಾಗ ಹಿಂದಿನದು ಹತ್ತಿರ ಬರುತ್ತದೆ. ನೀರು ಒತ್ತರಿಸಿಕೊಂಡು ಮೇಲೇಳುತ್ತದೆ. ಅಲೆಯ ಎತ್ತರ ಆಳದ ಮುಕ್ಕಾಲು ಪಾಲು ದಾಟುತ್ತಿದ್ದಂತೆ ಅದರ ತಲೆ ಮುಂದಕ್ಕೆ ಒಡೆದು ಬೀಳುತ್ತದೆ. ಹೊರಗೆ ದೋಣಿಯನ್ನು ತೊಟ್ಟಿಲಂತೆ ತೂಗಿದ ಅಲೆಯೇ ದಿಬ್ಬದ ಮೇಲೆ ಗೋಡೆಯಂತೆ ನಿಲ್ಲುತ್ತದೆ.

ಇಳಿತದ ಹೊತ್ತು ಇನ್ನೂ ಕಷ್ಟ. ಆಗ ಆಳವೂ ಕಡಿಮೆ, ಜೊತೆಗೆ ನದಿಯ ನೀರು ಅಲೆಗೆ ಎದುರಾಗಿ ರಭಸದಿಂದ ಹೊರಬರುತ್ತದೆ. ಅಲೆಗಳು ಕಡಿದಾಗಿ, ಒಂದರ ಬೆನ್ನಿಗೊಂದು ಬರುತ್ತವೆ. ಒಳಗೆ ಬರುವ ದೋಣಿಯ ಹಿಂಭಾಗವನ್ನು ಇಂಥ ಅಲೆ ಎತ್ತಿದರೆ ಮೂತಿ ನೀರಿಗೆ ಹುದುಗುತ್ತದೆ. ಚುಕ್ಕಾಣಿ ಹಿಡಿತ ಕಳೆದುಕೊಂಡು ದೋಣಿ ಅಡ್ಡ ತಿರುಗುತ್ತದೆ. ಮುಂದಿನ ಅಲೆಗೆ ಅಷ್ಟೇ ಸಾಕು.

ಅನುಭವಿ ತಾಂಡೇಲ ಬಾಗಿಲ ಹೊರಗೆ ನಿಂತು ಅಲೆಗಳನ್ನು ನೋಡುತ್ತಾನೆ. ದೊಡ್ಡ ಅಲೆಗಳು ಹಲವು ಒಟ್ಟಾಗಿ ಬಂದು ಹೋದ ಮೇಲೆ ಸ್ವಲ್ಪ ಬಿಡುವು ಸಿಗುತ್ತದೆ. ನೀರು ಏರುವ ಹೊತ್ತನ್ನು ಆರಿಸಿಕೊಂಡು, ಆ ಬಿಡುವಿನಲ್ಲಿ, ಅಲೆಗೆ ಅಡ್ಡವಾಗದಂತೆ ಒಳನುಗ್ಗುತ್ತಾನೆ. ಭಾರತದ ಬಂದರುಗಳಲ್ಲಿ ಕಡಲಿನಿಂದ ಒಳಗೆ ಬರುವಾಗ ಕೆಂಪು ಗುರುತು ಎಡಕ್ಕೆ, ಹಸಿರು ಬಲಕ್ಕೆ ಇರಬೇಕು. ಇವೆರಡರ ನಡುವೆ ಆಳದ ದಾರಿ.

ಹೊತ್ತು ತಿಳಿಯುವುದು ಹೇಗೆ? ಒಂದು ಉಬ್ಬರದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ. ಆದ್ದರಿಂದ ಇಂದು ಬೆಳಿಗ್ಗೆ 6ಕ್ಕೆ ಉಬ್ಬರವಿದ್ದರೆ ನಾಳೆ ಸುಮಾರು 6.50ಕ್ಕೆ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಏರಿಳಿತ ಹೆಚ್ಚು, ಸೆಳೆತವೂ ಹೆಚ್ಚು. ಭಾರತೀಯ ಸರ್ವೇಕ್ಷಣ ಇಲಾಖೆ ಪ್ರತಿವರ್ಷ ಉಬ್ಬರವಿಳಿತದ ಕೋಷ್ಟಕಗಳನ್ನು ಪ್ರಕಟಿಸುತ್ತದೆ.

ಮಾಡಿ ನೋಡಿ: ಅಗಲವಾದ ತಟ್ಟೆಯ ಒಂದು ತುದಿಯಲ್ಲಿ ಮರಳನ್ನು ಇಳಿಜಾರಾಗಿ ಹರಡಿ, ನೀರು ತುಂಬಿ. ಇನ್ನೊಂದು ತುದಿಯಲ್ಲಿ ಅಡಿಕೋಲಿನಿಂದ ಮೆಲ್ಲಗೆ ಅಲೆ ಎಬ್ಬಿಸಿ. ಅಲೆ ಎಲ್ಲಿ ಎತ್ತರವಾಗುತ್ತದೆ, ಎಲ್ಲಿ ಒಡೆಯುತ್ತದೆ ಎಂದು ಗುರುತಿಸಿ.

ಪಾಲಕರಿಗೊಂದು ಮಾತು. ನದಿ ದಾಟಿ ಶಾಲೆಗೆ ಹೋಗುವ ಮಕ್ಕಳು ಕರಾವಳಿಯಲ್ಲಿದ್ದಾರೆ. ದೋಣಿ ತುಂಬಿದ್ದರೆ ಮುಂದಿನದಕ್ಕೆ ಕಾಯಲಿ, ಜೀವರಕ್ಷಕ ಅಂಗಿಯನ್ನು ದೋಣಿ ಹೊರಡುವ ಮೊದಲೇ ತೊಡಲಿ, ನಡುನೀರಿನಲ್ಲಿ ಎದ್ದು ನಿಲ್ಲದಿರಲಿ. ಶಾಲೆಗೆ ಹತ್ತು ನಿಮಿಷ ತಡವಾದರೆ ಯಾವ ಮೇಷ್ಟ್ರೂ ಬೇಸರಪಡುವುದಿಲ್ಲ.