ಹಕ್ಕು ನಮ್ಮದು, ಹೊಣೆಯೂ ನಮ್ಮದು

ದ್ವಿತೀಯ ಪಿಯುಸಿ ಫಲಿತಾಂಶ ಬಂದೊಡನೆ ಶಿಫಾರಸು ಪತ್ರ ಕೋರಿ ಪೋಷಕರು ಗುರುನಿವಾಸಗಳಿಗೆ ಬರುವುದು ವಾಡಿಕೆ. ಬರೆಯುವ ಗುರುಗಳೂ ಕೇಳುವ ಕುಟುಂಬಗಳೂ ಇದನ್ನು ಉಪಕಾರವೆಂದೇ ಭಾವಿಸಿದ್ದೇವೆ. ಆದರೆ ಆ ಪತ್ರದ ಭಾರವೆಲ್ಲ ಕೊನೆಗೆ ಬೀಳುವುದು ಕಾಲೇಜಿನ ಪ್ರವೇಶ ವಿಭಾಗದ ಗುಮಾಸ್ತರ ಮೇಲೆ.

ಕ್ಯಾಪಿಟೇಶನ್ ಶುಲ್ಕವನ್ನು ನಿಷೇಧಿಸುವ ಕರ್ನಾಟಕದ ಕಾಯ್ದೆ 1984ರದು. ಸಂವಿಧಾನದ 30ನೆಯ ವಿಧಿ ಅಲ್ಪಸಂಖ್ಯಾತರಿಗೆ ವಿದ್ಯಾಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕನ್ನಿತ್ತಿದೆ. ಆದರೆ ಆಡಳಿತದ ಹಕ್ಕಿನಲ್ಲಿ ದುರಾಡಳಿತದ ಹಕ್ಕು ಸೇರಿಲ್ಲವೆಂದು ಕೇರಳ ಶಿಕ್ಷಣ ಮಸೂದೆಯ ಸಂದರ್ಭದಲ್ಲಿ, 1958ರಲ್ಲಿಯೇ, ಸುಪ್ರೀಂ ಕೋರ್ಟು ತಿಳಿಸಿತು. ವೃತ್ತಿಶಿಕ್ಷಣ ಕಾಲೇಜುಗಳ ಪ್ರವೇಶವು ನ್ಯಾಯಯುತವೂ ಪಾರದರ್ಶಕವೂ ಶೋಷಣೆರಹಿತವೂ ಆಗಿರಬೇಕೆಂದ 2005ರ ಇನಾಂದಾರ್ ತೀರ್ಪು ಅಲ್ಪಸಂಖ್ಯಾತ ಸಂಸ್ಥೆಗಳಿಗೂ ಅನ್ವಯಿಸುತ್ತದೆ. ಸಮುದಾಯದವರಿಗೆ ಆದ್ಯತೆ ನೀಡಬಹುದು. ಅವರೊಳಗೆ ಅರ್ಹತೆಯ ಕ್ರಮವನ್ನು ಮುರಿಯಲಾಗದು.

ಇವೆಲ್ಲ ಆಡಳಿತ ಮಂಡಳಿಯ ಕಪಾಟಿನಲ್ಲಿದ್ದರೆ ಸಾಲದು. ಅರ್ಜಿ ಸ್ವೀಕರಿಸುವ ಸಿಬ್ಬಂದಿಗೂ ಸಂದರ್ಶನ ನಡೆಸುವ ಅಧ್ಯಾಪಕರಿಗೂ ಪ್ರತಿವರ್ಷ ಪ್ರವೇಶಕ್ಕೆ ಮುನ್ನ ತರಬೇತಿ ಅಗತ್ಯ. ಪಡೆದ ಪ್ರತಿ ರೂಪಾಯಿಗೂ ರಸೀದಿ ನೀಡುವುದು, ಆಯ್ಕೆಪಟ್ಟಿಯನ್ನು ಬಹಿರಂಗಪಡಿಸುವುದು, ಒತ್ತಡ ಬಂದಾಗ ಯಾರಿಗೆ ತಿಳಿಸಬೇಕೆಂಬುದು ಅವರಿಗೆ ಸ್ಪಷ್ಟವಾಗಿ ಗೊತ್ತಿರಬೇಕು.

ಪ್ರತಿಯೊಬ್ಬರಿಗೂ ಸಲ್ಲತಕ್ಕದ್ದನ್ನು ಸಲ್ಲಿಸುವ ಸ್ಥಿರ ಸಂಕಲ್ಪವೇ ನ್ಯಾಯವೆಂದು ಸಂತ ಥಾಮಸ್ ಅಕ್ವಿನಾಸರು ಬೋಧಿಸಿದರು. ತರಬೇತಿ ಪಡೆದ ಗುಮಾಸ್ತರು 'ಆಗದು' ಎಂದಾಗ ನಾವು ಮೇಲಿನವರ ಬಳಿಗೆ ಓಡಿದರೆ ಆ ತರಬೇತಿ ವ್ಯರ್ಥ. ನಮ್ಮ ಪತ್ರದಿಂದ ಒಬ್ಬರಿಗೆ ಸೀಟು ದೊರೆತರೆ, ಪತ್ರ ಬರೆಸಲು ಯಾರೂ ಇಲ್ಲದ ಮತ್ತೊಬ್ಬರು ಹೊರಗುಳಿಯುತ್ತಾರೆ. ಆಕೆ ನಮ್ಮದೇ ಧರ್ಮಕೇಂದ್ರದ ಕೂಲಿಕಾರ್ಮಿಕನ ಮಗಳಾಗಿರಬಹುದು. ಶಿಫಾರಸು ಕೇಳುವ ಮುನ್ನ, ಬರೆಯುವ ಮುನ್ನ, ಆಕೆಯನ್ನು ನೆನೆಯೋಣ.