ಕಾರ್ಡಿನ ಬೆನ್ನು

ತಮಿಳುನಾಡಿನ ಗಡಿಯ ಹೊಸೂರಿನ ಉದ್ಯಮಿಗಳ ಸಭೆಯಲ್ಲಿ ಕಾಫಿ ಲೋಟ ಹಿಡಿದು ಅರ್ಧ ಗಂಟೆ ನಿಂತರೆ ಸಾಕು, ಮೂರು ಭಾಷೆ ಕಿವಿಗೆ ಬೀಳುತ್ತವೆ. ತಮಿಳಿನಲ್ಲಿ ಶುರುವಾದ ದರದ ಮಾತು ತೆಲುಗಿಗೆ ಹೊರಳಿ, ಊರು ಕೇಳಿದ ಕೂಡಲೇ ಕನ್ನಡಕ್ಕೆ ಬಂದು ನಿಲ್ಲುತ್ತದೆ. "ಓ, ನೀವೂ ಡೆಂಕಣಿಕೋಟೆ ಕಡೆಯವರಾ?" ಅಂದಮೇಲೆ ಇಬ್ಬರೂ ಅರ್ಧ ನೆಂಟರು. ಮರುದಿನ ಅದೇ ಮನುಷ್ಯನಿಂದ ಇಮೇಲ್: ಭೇಟಿಯಾಗಿ ಸಂತೋಷವಾಯಿತು, ಕಂಪನಿಯ ಪರಿಚಯ ಲಗತ್ತಿಸಿದೆ, ಸಹಕಾರ ಕೋರುತ್ತೇವೆ. ಎಲ್ಲಾ ಇಸ್ತ್ರಿ ಹಾಕಿದ ಇಂಗ್ಲಿಷು. ನಿನ್ನೆ ಮಾತಾಡಿದವರು ಇವರೇನಾ ಎಂದು ಅನುಮಾನ ಬರುತ್ತದೆ.

ಭೇಟಿಯ ನಂತರ ಬರೆಯುವುದು ಯಾಕೆ? "ನನ್ನನ್ನು ಮರೆಯಬೇಡಿ" ಎನ್ನಲು ಎಂದೇ ಹೆಚ್ಚಿನವರ ಎಣಿಕೆ. "ನೀವು ಹೇಳಿದ್ದನ್ನು ನಾನು ಮರೆತಿಲ್ಲ" ಎನ್ನಲು ಎಂದು ನನ್ನ ವಾದ.

1980ರ ದಶಕದಲ್ಲಿ ಟಿವಿಎಸ್, ಅಶೋಕ್ ಲೇಲ್ಯಾಂಡ್, ಟೈಟಾನ್ ಹೊಸೂರಿನಲ್ಲಿ ಬೇರೂರಿದವು. ಸುತ್ತ ಬಿಡಿಭಾಗ ಮಾಡಿಕೊಡುವ ಸಣ್ಣ ಶೆಡ್ಡುಗಳು ಬೆಳೆದವು. ಇಂಥ ಊರಿನಲ್ಲಿ ಪರ್ಚೇಸಿನವರ ಮುಂದೆ ಪರಿಚಯಪತ್ರಗಳ ರಾಶಿಯೇ ಇರುತ್ತದೆ. ಗುಣಮಟ್ಟವೇ ಗುರಿ ಎನ್ನದವರು ಅದರಲ್ಲಿ ಯಾರಿದ್ದಾರೆ?

ಲೇತ್ ಶೆಡ್ ನಡೆಸುವ ಸ್ನೇಹಿತರೊಬ್ಬರು ಕಾರ್ಡು ಕೈಗೆ ಬಂದೊಡನೆ ಅದರ ಬೆನ್ನಿಗೆ ಗೀಚಿಕೊಳ್ಳುತ್ತಾರೆ: "ಹಿತ್ತಾಳೆ ಬುಷ್, ಒಳಗೆ ಬರ್ ಉಳಿಯುತ್ತೆ." ಬರ್ ಅಂದರೆ ಕೊರೆದಾಗ ಅಂಚಿನಲ್ಲಿ ಉಳಿಯುವ ಲೋಹದ ಸಿಬಿರು. ಮರುದಿನದ ಮೇಲ್ ಶುರುವಾಗುವುದು ಅಲ್ಲಿಂದಲೇ: "ಸರ್, ನಿನ್ನೆ ಬುಷ್ಷಿನ ಬರ್ ವಿಷಯ ಹೇಳಿದಿರಿ. ಡ್ರಾಯಿಂಗ್ ಕಳಿಸಿದರೆ ಐದು ಸ್ಯಾಂಪಲ್ ಮಾಡಿ ಗುರುವಾರ ತಂದು ತೋರಿಸುತ್ತೇನೆ." ಸಬ್ಜೆಕ್ಟ್ ಸಾಲಿನಲ್ಲಿರುವುದೂ ಬುಷ್ಷೇ, ಅವರ ಕಂಪನಿಯ ಹೆಸರಲ್ಲ. ಓದುವವರಿಗೆ ಅದು ತಮ್ಮದೇ ತಲೆನೋವು. ಉತ್ತರವೂ ಹಗುರ: ಡ್ರಾಯಿಂಗ್ ಕಳಿಸಬೇಕು, ಇಲ್ಲವೇ ಬೇಡ ಅನ್ನಬೇಕು.

ಆಫೀಸಿನ ಮೇಲ್ ಇಂಗ್ಲಿಷಿನಲ್ಲೇ ಇರಬೇಡವೇ ಎನ್ನಬಹುದು. ಇರಲಿ, ಅದನ್ನು ಮೇಲಿನವರಿಗೂ ಕಳಿಸಬೇಕಾಗುತ್ತದೆ. ತಕರಾರು ಭಾಷೆಯ ಮೇಲಲ್ಲ, ಆಡಿದ ಮಾತು ಅದರಲ್ಲಿ ಕಾಣೆಯಾಗುವುದರ ಮೇಲೆ. ಸಿದ್ಧ ಮಾತು ಹಿಂದಿನ ಕಾಗದಗಳಲ್ಲೂ ಇತ್ತು: ನಾವು ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯಿರಿ. ಆದರೆ ಮುಂದಿನ ಸಾಲಿಗೇ ಎಮ್ಮೆ ಕರು ಹಾಕಿದ್ದು, ಮಾವು ಹೂ ಬಿಟ್ಟಿದ್ದು ಬರುತ್ತಿತ್ತು. ಈಗಿನ ಮೇಲ್ ಕ್ಷೇಮದ ಸಾಲಿನಲ್ಲೇ ಮುಗಿದುಹೋಗುತ್ತದೆ.

ಮತ್ತೆ ಮತ್ತೆ ಬರೆದರೆ ಗಂಟುಬಿದ್ದಂತಲ್ಲವೇ? ಹೌದು. ಆದ್ದರಿಂದ ಮೊದಲನೆಯದು ಒಂದೆರಡು ದಿನದೊಳಗೆ, ಮಾತಿನ ಬಿಸಿ ಆರುವ ಮುಂಚೆ ಹೋಗಲಿ. ಉತ್ತರ ಬಾರದಿದ್ದರೆ ವಾರ ಬಿಟ್ಟು ಇನ್ನೊಂದು. ಅದೂ ಬರಿಗೈಯಲ್ಲಿ ಬೇಡ, ಹಿಂದೆ ಮಾಡಿದ ಅಂಥದ್ದೇ ಕೆಲಸದ ಒಂದು ಫೋಟೊ ಜೊತೆಗಿರಲಿ. ಆಮೇಲೆ ಸುಮ್ಮನಿರಬೇಕು. ಮೌನವೂ ಒಂದು ಉತ್ತರ. ಅದನ್ನು ಗೌರವಿಸಿದವರಿಗೆ ಮುಂದಿನ ಸಭೆಯಲ್ಲಿ ಮುಖ ತಪ್ಪಿಸುವ ಪ್ರಮೇಯ ಬರುವುದಿಲ್ಲ.

ಮುಂದಿನ ಸಲ ಜೇಬಿಗೆ ಕಾರ್ಡುಗಳನ್ನು ತುಂಬಿಕೊಳ್ಳುವಾಗ ಒಂದು ಪೆನ್ನನ್ನೂ ಸಿಕ್ಕಿಸಿಕೊಳ್ಳಿ.