ಕಾಣದ ಹುಲಿಯ ಲೆಕ್ಕ

ಹುಣಸೂರಿನಲ್ಲಿ ಹುಟ್ಟಿ ಬೆಳೆದವನು ನಾನು. ನಾಗರಹೊಳೆ ಕಾಡು ನಮಗೆ ಬಸ್ಸಿನ ದಾರಿ. ಆದರೂ ಕಾಡಿನೊಳಗೆ ಮೊದಲ ಸಲ ಕಾಲ್ನಡಿಗೆಯಲ್ಲಿ ಹೋದದ್ದು ಹೈದರಾಬಾದಿನ ಮಾದಾಪುರಕ್ಕೆ ಕೆಲಸಕ್ಕೆ ಬಂದು ಏಳು ವರ್ಷವಾದ ಮೇಲೆ. ಅದೂ ತೆಲಂಗಾಣದ ಅಮ್ರಾಬಾದ್ ಹುಲಿ ಮೀಸಲು ಪ್ರದೇಶದಲ್ಲಿ. ಇಲ್ಲಿಂದ ಶ್ರೀಶೈಲಕ್ಕೆ ಹೋಗುವಾಗ ಮನ್ನನೂರು ದಾಟಿದ ಮೇಲೆ ಕಾರಿನ ಕಿಟಕಿಯಿಂದ ಕಾಣುತ್ತದಲ್ಲ, ಅದೇ ಕಾಡು.

2026ರ ಜನವರಿಯ ಅಖಿಲ ಭಾರತ ಹುಲಿ ಗಣತಿಗೆ ಇಲ್ಲಿನ ಅರಣ್ಯ ಇಲಾಖೆ ಸ್ವಯಂಸೇವಕರನ್ನು ಕರೆದಿತ್ತು. ನಾಲ್ಕು ವರ್ಷಕ್ಕೊಮ್ಮೆ ನಡೆಯುವ ಕೆಲಸ. ದಿನಕ್ಕೆ ಹತ್ತು ಹನ್ನೆರಡು ಕಿಲೋಮೀಟರ್ ನಡೆಯಬೇಕು, ಸಂಭಾವನೆ ಇಲ್ಲ. ಒಂದು ವಾರ ರಜೆ ಹಾಕಿದೆ. ‘ಹುಲಿ ಕಂಡರೆ ಫೋಟೊ ಕಳಿಸು’ ಎಂದರು ತಂಡದವರು. ನನ್ನ ಮನಸ್ಸಿನಲ್ಲಿದ್ದದ್ದೂ ಅದೇ, ಸುಳ್ಳೇಕೆ ಹೇಳಲಿ?

ಹುಲಿ ಕಾಣಲಿಲ್ಲ. 2022ರ ಗಣತಿಯಂತೆ ಕರ್ನಾಟಕದಲ್ಲಿ 563 ಹುಲಿ, ತೆಲಂಗಾಣದಲ್ಲಿ 21. ಲೆಕ್ಕ ಓದಿದವನು ಅಷ್ಟು ಆಸೆ ಇಟ್ಟುಕೊಳ್ಳಬಾರದಿತ್ತು.

ಮೊದಲ ಮೂರು ದಿನ ಹೆಜ್ಜೆ ಗುರುತು, ಮಲ, ಮರದ ಮೇಲಿನ ಉಗುರಿನ ಗೀರು ಹುಡುಕುತ್ತ ನಡೆದೆವು. ಸಿಕ್ಕಿದ್ದನ್ನು ಅಲ್ಲೇ ಎಂ-ಸ್ಟ್ರೈಪ್ಸ್ ಆ್ಯಪ್‌ಗೆ ಹಾಕಬೇಕು. ಎರಡನೇ ದಿನ ಒಣ ಹಳ್ಳದ ಮರಳಿನಲ್ಲಿ ಒಂದು ದೊಡ್ಡ ಹೆಜ್ಜೆ. ಅಂಚು ಕುಸಿದು ಅಗಲವಾಗಿತ್ತು. ‘ಹುಲಿ ಎಂದೇ ಬರೆಯೋಣ, ಇಷ್ಟು ದೂರ ಬಂದಿದ್ದೇವೆ’ ಎಂದರು ಜೊತೆಯವರೊಬ್ಬರು. ನಾನು ಆಗಲೇ ಆ್ಯಪ್‌ನಲ್ಲಿ ಹುಲಿಯನ್ನು ಆರಿಸಿಯಾಗಿತ್ತು. ನಮ್ಮೊಂದಿಗಿದ್ದ ಚೆಂಚು ಸಮುದಾಯದ ವಾಚರ್ ಕುಕ್ಕರಗಾಲಲ್ಲಿ ಕೂತು, ಹಳ್ಳದ ಆಚೆ ದಂಡೆಯವರೆಗೆ ಅದೇ ಜಾಡು ಹಿಡಿದು ಹೋದರು. ಅಲ್ಲಿ ಗಟ್ಟಿ ಮಣ್ಣಿನ ಮೇಲೆ ಚಿಕ್ಕದಾದ, ಸ್ಪಷ್ಟವಾದ ಹೆಜ್ಜೆ. ‘ಪುಲಿ ಕಾದು, ಚಿರುತ’ ಎಂದರು. ಹುಲಿಯಲ್ಲ, ಚಿರತೆ. (ಹಳಗನ್ನಡದ ‘ಪುಲಿ’ಯನ್ನು ಮೊದಲ ಸಲ ಜೀವಂತವಾಗಿ ಕೇಳಿದ್ದು ಅವರ ಬಾಯಲ್ಲಿ.) ನಾನು ಅಳಿಸಿ ಚಿರತೆ ಎಂದು ಹಾಕಿದೆ.

ಆ ಸಣ್ಣ ತಪ್ಪು ಉಳಿದಿದ್ದರೆ ಏನಾಗುತ್ತಿತ್ತು? ರಾಜಸ್ಥಾನದ ಸರಿಸ್ಕಾವನ್ನು ನೆನೆಯಬೇಕು. ಹೆಜ್ಜೆ ಗುರುತು ನೋಡಿ ಹುಲಿ ಎಣಿಸುತ್ತಿದ್ದ ಕಾಲದಲ್ಲಿ ಅಲ್ಲಿ ಕಾಗದದ ಮೇಲೆ ಹುಲಿಗಳಿದ್ದವು. 2005ರಲ್ಲಿ ನೋಡಿದರೆ ಕಾಡಿನಲ್ಲಿ ಒಂದೂ ಇರಲಿಲ್ಲ. ಇಲ್ಲದ ಹುಲಿಯನ್ನು ಇದೆ ಎಂದು ಬರೆದುಕೊಂಡು ಹೋದಷ್ಟು ದಿನ ಬೇಟೆಗಾರರ ಬಗ್ಗೆ ಯಾರಿಗೂ ಅನುಮಾನ ಬರುವುದಿಲ್ಲ. ಇಪ್ಪತ್ತೊಂದೇ ಹುಲಿಗಳಿರುವ ರಾಜ್ಯದಲ್ಲಂತೂ ಒಂದು ಸುಳ್ಳು ಹುಲಿ ದೊಡ್ಡ ಸುಳ್ಳು.

ಕೊನೆಯ ಮೂರು ದಿನ ಬೆಳಗಿನ ಜಾವ ಎರಡು ಕಿಲೋಮೀಟರ್ ಉದ್ದದ ನೇರ ಗೆರೆಯ ಮೇಲೆ ಮೌನವಾಗಿ ನಡೆಯುವುದು. ಜಿಂಕೆಯೋ ಕಡವೆಯೋ ಕಂಡರೆ ಸಂಖ್ಯೆಯೊಂದೇ ಸಾಲದು. ಎಷ್ಟು ದೂರ, ಯಾವ ಕೋನ ಎಂಬುದೂ ಬೇಕು. ದೂರ ಹೆಚ್ಚಿದಂತೆ ಪ್ರಾಣಿ ಕಣ್ಣಿಗೆ ತಪ್ಪುತ್ತದೆ. ಎಷ್ಟು ದೂರದಲ್ಲಿ ಎಷ್ಟು ಕಂಡವು ಎಂಬುದರಿಂದಲೇ ಕಾಣದೆ ಹೋದವುಗಳ ಅಂದಾಜು ತೆಗೆಯುತ್ತಾರೆ. ಎಂಟೆಕ್‌ನಲ್ಲಿ ಸಂಭವನೀಯತೆ ಓದಿದ್ದೆ. ಚಳಿಗೆ ನಡುಗುತ್ತ ನಿಂತಾಗ ಅದು ಅರ್ಥವಾಯಿತು. ಈ ವಿಧಾನವನ್ನು ನಾಗರಹೊಳೆಯಲ್ಲಿ ಬೇರೂರಿಸಿದ, ಸ್ವಯಂಸೇವಕರಿಗೂ ಕಲಿಸಿದ ಉಲ್ಲಾಸ ಕಾರಂತರು ಸುರತ್ಕಲ್‌ನಲ್ಲಿ ಓದಿದ ಮೆಕ್ಯಾನಿಕಲ್ ಎಂಜಿನಿಯರ್. ಹೆಜ್ಜೆ ಗುರುತಿನ ಎಣಿಕೆ ನಂಬುವಂಥದ್ದಲ್ಲ ಎಂದು ಅವರು ಸರಿಸ್ಕಾಕ್ಕೆ ಬಹಳ ಮೊದಲೇ ಹೇಳುತ್ತಿದ್ದರು. ನಮ್ಮ ಪಕ್ಕದಲ್ಲೇ ಇದ್ದ ಪಾಠ ಕಲಿಯಲು ನಾನು ನಲ್ಲಮಲಕ್ಕೆ ಬರಬೇಕಾಯಿತು.

ಹೀಗೆ ಹೋಗಿ ಬಂದವರನ್ನು ಎಲ್ಲರೂ ಕೇಳುವ ಪ್ರಶ್ನೆ: ರೆಸ್ಯೂಮೆಗೆ ಉಪಯೋಗವಾಗುತ್ತದಾ? ಒಂದು ವಾರ ನಡೆದವನು ಪರಿಸರ ವಿಜ್ಞಾನಿ ಆಗುವುದಿಲ್ಲ. ಆದರೆ ಕೆಲಸ ಬಿಟ್ಟು ಬೆಂಗಳೂರಿನ ಎನ್‌ಸಿಬಿಎಸ್‌ನಲ್ಲೋ ಡೆಹ್ರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆಯಲ್ಲೋ ಎಂಎಸ್ಸಿ ಮಾಡುವ ಕನಸು ಕಾಣುವವರು ನಮ್ಮ ಕಚೇರಿಗಳಲ್ಲಿ ಕಡಿಮೆಯೇನಿಲ್ಲ. ಏನೂ ಸಿಗದ ದಿನ ಸಂಜೆ ಕೂತು ‘ಇಲ್ಲ’ ಎಂದು ತಾಳ್ಮೆಯಿಂದ ತುಂಬಲು ತಮ್ಮಿಂದ ಆಗುತ್ತದೆಯೇ ಎಂದು ಅವರು ಮೊದಲು ನೋಡಿಕೊಳ್ಳಲಿ. ನನ್ನಿಂದ ಕಷ್ಟಪಟ್ಟು ಆಯಿತು.

ಇನ್ನೊಂದು ಮಾತು. ವಾಪಸಾದ ಮೇಲೆ ನಾವೆಲ್ಲ ಪ್ರಮಾಣಪತ್ರದ ಫೋಟೊ ಲಿಂಕ್ಡ್‌ಇನ್‌ನಲ್ಲಿ ಹಾಕಿದೆವು, ‘ನಾನು ಹುಲಿ ಗಣತಿ ಮಾಡಿದೆ’ ಎಂದು. ಮರದ ಹೆಸರು, ಹೆಜ್ಜೆಯ ಒಡೆಯ, ನೀರಿನ ಜಾಗ, ಕರಡಿ ಬರುವ ಹೊತ್ತು ಎಲ್ಲವನ್ನೂ ಹೇಳಿಕೊಟ್ಟವರ ಬಗ್ಗೆ ನಮ್ಮಲ್ಲಿ ಒಬ್ಬರೂ ಒಂದು ಸಾಲು ಬರೆಯಲಿಲ್ಲ. ನನ್ನ ಪೋಸ್ಟನ್ನು ಆಮೇಲೆ ತಿದ್ದಿದೆ. ಅಷ್ಟರಲ್ಲಿ ಲೈಕ್ ಒತ್ತುವವರು ಒತ್ತಿ ಹೋಗಿದ್ದರು.

ಮುಂದಿನ ಹುಲಿ ಗಣತಿಗೆ ನಾಲ್ಕು ವರ್ಷ ಕಾಯಬೇಕಿಲ್ಲ. ಪ್ರತಿ ಜನವರಿಯಲ್ಲಿ ಏಷ್ಯಾದ ನೀರುಹಕ್ಕಿ ಗಣತಿ ಇರುತ್ತದೆ; ನಮ್ಮ ದುರ್ಗಂ ಚೆರುವು ಕಚೇರಿಯ ಹಿಂದೆಯೇ ಇದೆ. ನೀವು ಪುಣೆಯಲ್ಲಿರಿ, ಚೆನ್ನೈಯಲ್ಲಿರಿ, ಇಂಥದ್ದೊಂದು ಕೆರೆ ಸಿಕ್ಕೇ ಸಿಗುತ್ತದೆ. ಮಾದಾಪುರದ ಕನ್ನಡಿಗರು ಯಾರಾದರೂ ಬರುವುದಾದರೆ ಬೆಳಿಗ್ಗೆ ಆರೂವರೆಗೆ ಕೇಬಲ್ ಸೇತುವೆ ಹತ್ತಿರ ಇರುತ್ತೇನೆ. ದುರ್ಬೀನು ಒಂದೇ ಇದೆ, ಹಂಚಿಕೊಳ್ಳೋಣ.